ಅಟಕಾಮದಿಂದ ಮಾನ್ವಿಗೆ

ಅಟಕಾಮ ಮರಳುಗಾಡು, ಚಿಲಿ
ನವೆಂಬರ್, ಭಾನುವಾರ

ಅಪ್ಪಾ, ಅವ್ವಾ,

ನಾನು ಇಲ್ಲಿ ಆರಾಮ ಇದ್ದೇನೆ. ನೀವೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಫೋನು ಹತ್ತುವುದೇ ಕಷ್ಟ. ಉಪಗ್ರಹದ ಲೈನು ಒಂದೇ ಇದೆ, ಅದೂ ಮೊದಲು ಗಾಡಿಯ ಕೆಲಸಕ್ಕೆ. ಇವತ್ತು ರಜೆ ಸಿಕ್ಕಿತು, ಕೂತು ಬರೆಯುತ್ತಿದ್ದೇನೆ. ನಾಳೆ ನೀರಿನ ಟ್ಯಾಂಕರ್ ವಾಪಸ್ ಹೋಗುವಾಗ ಡ್ರೈವರ್ ಕೈಲಿ ಕೊಡುತ್ತೇನೆ. ತಮ್ಮ ನಿಧಾನಕ್ಕೆ ಓದಿ ಹೇಳಲಿ.

ಅಪ್ಪಾ, ಹೊರಡುವ ದಿನ ನೀವು ಕೇಳಿದಿರಿ. "ಮಂಗಳ ಗ್ರಹಕ್ಕೆ ಹೋಗೋ ಗಾಡಿನ ಭೂಮಿ ಮೇಲೆ ಯಾಕೆ ಓಡಿಸ್ತೀರಿ, ಅದರಾಗ ನಿನ್ನ ಕೆಲಸ ಏನು" ಅಂತ. ಅವತ್ತು ಬಸ್ಸಿನ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ.

ಇಲ್ಲಿ ಮಳೆ ಅನ್ನುವುದೇ ಅಪರೂಪ. ಹುಲ್ಲಿಲ್ಲ, ಗಿಡವಿಲ್ಲ. ಕಣ್ಣು ಹಾಯುವಷ್ಟು ದೂರ ಕೆಂಪು ಕಂದು ಕಲ್ಲು, ಜಲ್ಲಿ, ಮರಳು. ಮಂಗಳದ ನೆಲಕ್ಕೆ ಇಷ್ಟು ಹತ್ತಿರದ ಜಾಗ ಭೂಮಿಯ ಮೇಲೆ ಜಾಸ್ತಿ ಇಲ್ಲ. 1997ರಲ್ಲಿ ನೋಮ್ಯಾಡ್ ಅನ್ನುವ ರೋವರ್, ಅಂದರೆ ಬೇರೆ ಗ್ರಹದ ನೆಲಕ್ಕೆ ಅಂತ ಮಾಡುವಂಥ ಗಾಡಿ, ಇದೇ ಮರಳುಗಾಡಿನಲ್ಲಿ 200 ಕಿಲೋಮೀಟರಿಗೂ ಹೆಚ್ಚು ಓಡಿತ್ತು. ಆಮೇಲೆ ಎಷ್ಟೋ ತಂಡಗಳು ಬಂದು ಹೋಗಿವೆ.

ಮಂಗಳದ ಮೇಲಿನ ಗಾಡಿಯನ್ನು ಕೈಯಲ್ಲಿ ಹಿಡಿದು ಓಡಿಸಲು ಆಗುವುದಿಲ್ಲ. ಇಲ್ಲಿಂದ ಹೋದ ಮಾತು ಅಲ್ಲಿ ಮುಟ್ಟಲು ಕಡಿಮೆ ಅಂದರೆ 3 ನಿಮಿಷ, ಜಾಸ್ತಿ ಅಂದರೆ 22 ನಿಮಿಷ ಬೇಕು. ಅಲ್ಲಿಂದ ಉತ್ತರ ಬರಲು ಮತ್ತೆ ಅಷ್ಟೇ. ಹಾಗಾಗಿ ದಿನದ ಕೆಲಸವನ್ನೆಲ್ಲ ಬರೆದು ಸಾಮಾನ್ಯವಾಗಿ ಬೆಳಿಗ್ಗೆ ಒಮ್ಮೆ ಕಳಿಸುತ್ತಾರೆ. ಎಷ್ಟು ಮೀಟರ್ ಹೋಗಬೇಕು, ಯಾವ ಕಲ್ಲಿನ ಮುಂದೆ ನಿಲ್ಲಬೇಕು, ಯಾವ ಫೋಟೋ ತೆಗೆಯಬೇಕು, ಏನಾದರೂ ತಪ್ಪಿದರೆ ಏನು ಮಾಡಬೇಕು, ಎಲ್ಲ. ಆಮೇಲೆ ಸಂಜೆ ಸುದ್ದಿ ಬರುವ ತನಕ ಕಾಯುವುದು.

ಈ ಕೆಲಸ ನಿಮಗೆ ಹೊಸದಲ್ಲ ಅಪ್ಪಾ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಲ್ಲಿ ಗೇಟು ಎತ್ತಿದರೆ ನಮ್ಮ ತೂಬಿಗೆ ನೀರು ಮುಟ್ಟಲು ದಿನಗಳೇ ಬೇಕು. ನಾವು ಇರುವುದು ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ರಾತ್ರಿ ಊಟ ಆದ ಮೇಲೆ ನೀವು ಫೋನ್ ಹಚ್ಚಿ "69ನೇ ಮೈಲಿನಾಗ ಗೇಜ್ ಎಷ್ಟೈತಿ" ಅಂತ ಕಾಲುವೆ ನೀರಿನ ಮಟ್ಟ ಕೇಳುತ್ತಿದ್ದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಆ ಒಂದು ಲೆಕ್ಕದ ಮೇಲೆ ನಾಳೆ ಯಾವ ಮಡಿಗೆ ಮೊದಲು ನೀರು, ಯಾರನ್ನು ಕೆಲಸಕ್ಕೆ ಕರೆಯಬೇಕು, ಎಲ್ಲ ಗೊತ್ತು ಮಾಡುತ್ತಿದ್ದಿರಿ. ನೀರು ಇನ್ನೂ ಕಣ್ಣಿಗೆ ಬಿದ್ದಿರುತ್ತಿರಲಿಲ್ಲ.

ನಾವು ಇಲ್ಲಿ ಮಾಡುತ್ತಿರುವುದು ಮಂಗಳದ ಆ ಕೆಲಸದ ತಾಲೀಮು. ಅದರಲ್ಲಿ ಎರಡು ತಂಡ. ಒಂದು ತಂಡ ಯುರೋಪಿನಲ್ಲಿ ಕೂತಿದೆ. ಅವರು ಈ ಜಾಗ ನೋಡಿಲ್ಲ, ನೋಡುವಂತೆಯೂ ಇಲ್ಲ. ಮೇಲಿಂದ ತೆಗೆದ ನಕ್ಷೆ, ರೋವರ್ ಕಳಿಸುವ ಫೋಟೋ, ಅಷ್ಟೇ ಅವರ ಕೈಯಲ್ಲಿ. ಇನ್ನೊಂದು ತಂಡ ನಾವು, ಹನ್ನೊಂದು ಜನ. ಇಲ್ಲಿ ದಿನದ ಕೆಲಸ ನಡೆಸುವ ಹೊಣೆ ನನ್ನದು. ಆರಕ್ಕೆ ಏಳುತ್ತೇನೆ, ಆಗ ನಿಮಗೆ ಮಧ್ಯಾಹ್ನ ಎರಡೂವರೆ. ಕೈ ಸೆಟೆಯುವಷ್ಟು ಚಳಿ. ಜನರೇಟರಿಗೆ ಡೀಸೆಲ್, ಬ್ಯಾಟರಿ, ಚಕ್ರದ ಬೋಲ್ಟು, ಜನರಿಗೆ ನೀರು, ಎಲ್ಲ ನೋಡಬೇಕು. ಎಂಟಕ್ಕೆ ಪ್ಲ್ಯಾನ್ ಬರುತ್ತದೆ. ಎಲ್ಲರನ್ನೂ ನಿಲ್ಲಿಸಿ ಜೋರಾಗಿ ಓದುತ್ತೇನೆ. ಮಧ್ಯಾಹ್ನ ಗಾಳಿ ಏಳುತ್ತದೆ, ಅದಕ್ಕಿಂತ ಮೊದಲು ಓಡುವ ಕೆಲಸ ಮುಗಿದರೆ ಒಳ್ಳೆಯದು.

ನನಗೆ ಎಲ್ಲಕ್ಕಿಂತ ಜಾಸ್ತಿ ತಲೆನೋವು ಹೆಜ್ಜೆ ಗುರುತು. ರೋವರ್ ಮುಂದೆ ಯಾರೂ ನಡೆಯುವಂತಿಲ್ಲ. ಫೋಟೋದಲ್ಲಿ ಬೂಟಿನ ಗುರುತು ಕಂಡರೆ ಯುರೋಪಿನ ತಂಡದವರಿಗೆ ನೆಲ ಮೆತ್ತಗೋ ಗಟ್ಟಿಯೋ ಗೊತ್ತಾಗಿಬಿಡುತ್ತದೆ. ಮಂಗಳದಲ್ಲಿ ಯಾರ ಹೆಜ್ಜೆ ಇರುತ್ತದೆ ಹೇಳಿ? ಡೇರೆಗಳೂ ಗುಡ್ಡದ ಹಿಂದೆ ಇವೆ. ನಾವು ಓಡಾಡಲು ರೋವರ್ ಹಿಂದೆ ಒಂದು ದಾರಿ ಮಾಡಿ ಎರಡೂ ಕಡೆ ಬಿಳಿ ಹಗ್ಗ ಎಳೆದಿದ್ದೇನೆ. ದಾಟಿದವರಿಗೆ ನನ್ನಿಂದ ಬೈಗುಳ ತಪ್ಪಿದ್ದಲ್ಲ.

ಮೊನ್ನೆ ಗುರುವಾರ ಆದದ್ದು ಹೇಳಬೇಕು. ಪ್ಲ್ಯಾನಿನಲ್ಲಿ 30 ಮೀಟರ್ ನೇರ ಓಟ ಇತ್ತು. ನಾನು ಹಿಂದೆ ಹಗ್ಗದ ಹತ್ತಿರ ನಿಂತಿದ್ದೆ. ಹನ್ನೆರಡು ಮೀಟರ್ ಹೋದ ಮೇಲೆ ನೆಲದ ಬಣ್ಣ ಸ್ವಲ್ಪ ಬೇರೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಮೇಲೆ ತೆಳು ಪದರ, ಕೆಳಗೆ ಹಿಟ್ಟಿನಂಥ ಮಣ್ಣು. ನಮ್ಮ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತದ್ದನ್ನು ನೋಡಿದವಳು ನಾನು. ಆದರೆ ಹೇಳುವಂತಿಲ್ಲ. ಗಾಡಿ ಮುರಿಯುವ ಹಾಗಿದ್ದರೆ ಮಾತ್ರ ನಿಲ್ಲಿಸುವ ಗುಂಡಿ ಒತ್ತಬಹುದು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಚಕ್ರ ಸುತ್ತುತ್ತಿದೆ, ಗಾಡಿ ಇದ್ದಲ್ಲೇ ಇದೆ. ಮುಂದಿನ ಎರಡು ಚಕ್ರ ಒಳಗಿಳಿಯತೊಡಗಿದವು. ಗುಂಡಿಯ ಮೇಲೆ ಬೆರಳಿಟ್ಟು ನಿಂತೆ ಅವ್ವಾ, ಎದೆ ಹೊಡೆದುಕೊಳ್ಳುತ್ತಿತ್ತು.

ಗಾಡಿ ತಾನೇ ನಿಂತಿತು. ಚಕ್ರ ಎಷ್ಟು ಸುತ್ತಿತು ಅನ್ನುವುದು ಅದಕ್ಕೆ ಗೊತ್ತು. ಹೋಗುತ್ತಾ ಸುತ್ತಲಿನ ಕಲ್ಲುಗಳ ಫೋಟೋ ತೆಗೆದು, ತಾನು ನಿಜವಾಗಿ ಎಷ್ಟು ಸರಿದಿದ್ದೇನೆ ಅಂತಲೂ ನೋಡಿಕೊಳ್ಳುತ್ತದೆ. ಎರಡು ಲೆಕ್ಕ ತಾಳೆ ಆಗದಿದ್ದರೆ ನಿಲ್ಲು ಅಂತ ಪ್ಲ್ಯಾನಿನಲ್ಲಿ ಬರೆದಿತ್ತು. ಅಲ್ಲಿನವರು ಸಂಜೆ ಫೋಟೋ ನೋಡಿ, ರಾತ್ರಿಯಿಡೀ ಕೂತು, ಬಂದ ಗಾಲಿ ಜಾಡಿನಲ್ಲೇ ಹಿಂದಕ್ಕೆ ಬರಲು ಹೇಳಿದರು. ಶುಕ್ರವಾರ ಪೂರ್ತಿ ಅದಕ್ಕೇ ಹೋಯಿತು. ಆದರೂ ನಾನು ಸುಮ್ಮನಿದ್ದದ್ದೇ ಸರಿ ಅಂತ ನನ್ನ ಅಭಿಪ್ರಾಯ. ನಾನು ಕೂಗಿದ್ದರೆ ಗಾಡಿ ಉಳಿಯುತ್ತಿತ್ತು, ಆ ನಿಲ್ಲುವ ಲೆಕ್ಕ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. 2009ರಲ್ಲಿ ಸ್ಪಿರಿಟ್ ಅನ್ನುವ ರೋವರ್ ಮಂಗಳದ ಮೆತ್ತನೆ ಮಣ್ಣಿನಲ್ಲಿ ಹೂತಿತು. ತಿಂಗಳುಗಟ್ಟಲೆ ಒದ್ದಾಡಿದರೂ ಹೊರಗೆ ಬರಲೇ ಇಲ್ಲ. ಅಲ್ಲಿ ಹಗ್ಗ ಕಟ್ಟಿ ಎಳೆಯಲು ಪಕ್ಕದ ಹೊಲದವರು ಇರಲಿಲ್ಲವಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ ಇಳಿದದ್ದನ್ನು ನೀವೆಲ್ಲ ನಮ್ಮ ಟಿವಿ ಮುಂದೆ ಕೂತು ನೋಡಿದಿರಿ. ನಾಲ್ಕು ದಿನದ ಮೇಲೆ ಪ್ರಜ್ಞಾನ್ ರೋವರಿನ ಎದುರು 4 ಮೀಟರ್ ಅಗಲದ ಗುಂಡಿ ಬಂತು, 3 ಮೀಟರ್ ದೂರದಲ್ಲೇ. ಅದನ್ನು ನೋಡಿ ಹಿಂದಕ್ಕೆ ತಿರುಗಿಸಿದರು. ಆ ಸುದ್ದಿ ಓದಿದಾಗ ಒಳ್ಳೆಯದಾಯಿತು ಅಂದುಕೊಂಡಿದ್ದೆ, ಅಷ್ಟೇ. ಆ ಕೋಣೆಯಲ್ಲಿ ಕೂತವರ ಪಾಡು ಏನಿತ್ತು ಅಂತ ಈಗ ಗೊತ್ತಾಗುತ್ತಿದೆ.

ಪ್ರತಿ ರಾತ್ರಿ ನಾನು ಒಂದು ಪುಸ್ತಕದಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಅಲ್ಲಿನವರು ತಮಗೆ ತಿಳಿದದ್ದನ್ನು ಬರೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಎಷ್ಟೇ ನಿದ್ದೆ ಬಂದರೂ ಅದನ್ನು ಬರೆಯದೆ ನಾನು ಮಲಗಿಲ್ಲ.

ಅವ್ವಾ, ನೀನು ಕಟ್ಟಿಕೊಟ್ಟ ಖಡಕ್ ರೊಟ್ಟಿ ಈ ಒಣ ಹವೆಗೆ ಮೊದಲ ದಿನದಂತೆಯೇ ಇದೆ, ಒಂಚೂರೂ ಮೆತ್ತಗಾಗಿಲ್ಲ. ಶೇಂಗಾ ಹಿಂಡಿ ಅರ್ಧ ಡಬ್ಬಿ ಉಳಿದಿದೆ. ಟ್ಯಾಂಕರ್ ಡ್ರೈವರಿಗೂ ರುಚಿ ಹತ್ತಿದೆ. ಕೆಮ್ಮು ಇಲ್ಲ, ತುಟಿ ಮಾತ್ರ ಒಡೆದಿದೆ. ಎಣ್ಣೆ ಹಚ್ಚುತ್ತಿದ್ದೇನೆ.

ನಾಳೆ ಆ ಮೆತ್ತನೆ ಜಾಗವನ್ನು ಸುತ್ತು ಹಾಕಿ ಒಂದು ಬಿಳಿ ಬಂಡೆಯ ಹತ್ತಿರ ಹೋಗುವುದಿದೆ. ಊರಲ್ಲಿ ಭತ್ತ ಕೊಯ್ಲಿಗೆ ಬಂದಿರಬೇಕು. ಮಷೀನು ಯಾವಾಗ ಬರುತ್ತದೆ? ಈ ಸಲ ನೀರು ಕೊನೆ ಮಡಿತನಕ ಮುಟ್ಟಿತಾ? ಗೇಜ್ ಎಷ್ಟಿತ್ತು ಅಂತ ತಮ್ಮನ ಕೈಲಿ ಬರೆಸಿ.

ನಿಮ್ಮ ಮಗಳು