ಇಬ್ನೆ ಸಫಿ ಕನ್ನಡಕ್ಕೂ ಬರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪತ್ತೇದಾರಿ ಕಾದಂಬರಿಗಳ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದರೂ ನೂರಾರು ಕಾದಂಬರಿಗಳನ್ನು ಬರೆದು, ಕನ್ನಡದ ಸಾಮಾನ್ಯ ಜನರಿಗೆ ಓದಿನ ಚಟ ಹಿಡಿಸಿದ ಎನ್. ನರಸಿಂಹಯ್ಯನವರನ್ನು ಲೇಖಕರು ನೆನೆದದ್ದು ಉಚಿತವೇ ಆಗಿದೆ. ಆದರೆ ಕರ್ನಾಟಕದ ಓದುಗರು ಪತ್ತೇದಾರಿ ಕಥೆಯ ರುಚಿ ಕಂಡದ್ದು ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳಿಂದ ಎಂದು ಅದರಲ್ಲಿ ಬರೆದಿರುವುದು ಕಲಬುರಗಿ, ಬೀದರ, ಯಾದಗಿರಿಗಳ ಮಟ್ಟಿಗೆ ಪೂರ್ತಿ ನಿಜವಲ್ಲ. ನಮ್ಮ ಭಾಗದ ಒಂದು ತಲೆಮಾರು ಈ ರುಚಿಯನ್ನು ಉರ್ದುವಿನಲ್ಲಿ ಕಂಡಿತು. ಹಾಗೆ ಕಾಣಿಸಿದ ಲೇಖಕರ ಹೆಸರು ಇಬ್ನೆ ಸಫಿ.

ನಮ್ಮ ತಂದೆಯವರು ಇಲ್ಲಿಯ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಮಾತು ಕನ್ನಡ, ವಚನಗಳು ಅವರಿಗೆ ಬಾಯಿಪಾಠವಾಗಿದ್ದವು. ಆದರೆ ನಿಜಾಮರ ಆಳ್ವಿಕೆಯಲ್ಲಿ ಶಾಲೆ ಕಲಿತವರಾದ್ದರಿಂದ ಅವರು ಸರಾಗವಾಗಿ ಓದುತ್ತಿದ್ದುದು ಉರ್ದುವನ್ನು ಮಾತ್ರ. ಕನ್ನಡವನ್ನು ಅಕ್ಷರ ಕೂಡಿಸಿ ಓದಬೇಕಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿ, 1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅಂಥವರ ವಿದ್ಯೆಗೆ ಕಚೇರಿಗಳಲ್ಲಿ ಬೆಲೆ ಉಳಿಯಲಿಲ್ಲ. ಅದು ಉಳಿದದ್ದು ಇಂಥ ಪುಸ್ತಕಗಳಲ್ಲಿ. ತಂದೆಯವರು ದಿನಗಿರಾಯಿ, ಅಂದರೆ ದಿನದ ಬಾಡಿಗೆ, ಕೊಟ್ಟು ತಂದ ಸಣ್ಣ ಪುಸ್ತಕವನ್ನು ಕಂದೀಲಿನ ಬೆಳಕಿನಲ್ಲಿ ಒಂದೇ ಕೂತಿನಲ್ಲಿ ಓದಿ ಮುಗಿಸುತ್ತಿದ್ದರು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದಾಗ ಅದೇ ಕಥೆಯನ್ನು ನಮಗೆ ನಮ್ಮ ಕನ್ನಡದಲ್ಲಿ ಹೇಳುತ್ತಿದ್ದರು. ಖೂನಿ ಮಾಡಿದವನು ಯಾರೆಂಬುದನ್ನು ಮಾತ್ರ ಮರುದಿನಕ್ಕೆ ಉಳಿಸಿಕೊಳ್ಳುತ್ತಿದ್ದರು. ಇಬ್ನೆ ಸಫಿಯವರನ್ನು ನಾನು ಮೊದಲು ತಿಳಿದದ್ದು ಹೀಗೆ, ಕಿವಿಯಿಂದ.

ಅವರ ನಿಜವಾದ ಹೆಸರು ಅಸ್ರಾರ್ ಅಹಮದ್. 1928ರ ಜುಲೈ 26ರಂದು ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯ ಹೆಸರು ಸಫಿಯುಲ್ಲಾ. ಇಬ್ನೆ ಸಫಿ ಎಂದರೆ ಸಫಿಯ ಮಗ. ಅಸ್ರಾರ್ ಎಂಬ ಶಬ್ದಕ್ಕೆ ರಹಸ್ಯಗಳು ಎಂಬ ಅರ್ಥವಿದೆ ಎಂದು ನಮ್ಮ ತಂದೆಯವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಇಬ್ನೆ ಸಫಿಯವರು ಮೊದಲು ಕವಿಗಳು. ಅಸ್ರಾರ್ ನಾರವಿ ಎಂಬ ಹೆಸರಿನಲ್ಲಿ ಗಜಲುಗಳನ್ನು ಬರೆಯುತ್ತಿದ್ದರು, ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅಶ್ಲೀಲವಿಲ್ಲದೆ ಉರ್ದುವಿನಲ್ಲಿ ಜನಪ್ರಿಯ ಪುಸ್ತಕ ಮಾರಾಟವಾಗದು ಎಂಬ ಮಾತು ಗೆಳೆಯರ ಚರ್ಚೆಯಲ್ಲಿ ಬಂದಾಗ, ಅದಿಲ್ಲದೆಯೇ ಬರೆದು ತೋರಿಸುತ್ತೇನೆಂದು ಅವರು ಹಟ ತೊಟ್ಟರಂತೆ. 1952ರ ಮಾರ್ಚ್‌ನಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಮಾಲೆಯ ಮೊದಲ ಕಾದಂಬರಿ ‘ದಿಲೇರ್ ಮುಜ್ರಿಮ್’ ಹೊರಬಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಕರಾಚಿಗೆ ಹೋಗಿ ನೆಲೆಸಿದರು. ಆದರೆ ಪುಸ್ತಕಗಳು ಅಲಹಾಬಾದಿನಲ್ಲಿಯೂ ಅಚ್ಚಾಗುತ್ತಲೇ ಇದ್ದವು. ನಮ್ಮ ಊರಿಗೆ ತಲುಪುತ್ತಿದ್ದುದು ಈ ಅಲಹಾಬಾದಿನ ಪ್ರತಿಗಳೇ.

ಜಾಸೂಸಿ ದುನಿಯಾದ ನಾಯಕ ಕರ್ನಲ್ ಫರೀದಿ. ಶ್ರೀಮಂತ ಮನೆತನದವನು, ಮದುವೆಯಾಗದವನು, ಮನೆಯಲ್ಲಿಯೇ ಪ್ರಯೋಗಶಾಲೆ ಇಟ್ಟುಕೊಂಡವನು, ಕಾನೂನಿನ ವಿಷಯದಲ್ಲಿ ಯಾರ ಮುಲಾಜಿಗೂ ಒಳಗಾಗದವನು. ಅವನ ಜೊತೆಗಾರ ಕ್ಯಾಪ್ಟನ್ ಹಮೀದ್ ಅದಕ್ಕೆ ತೀರಾ ವಿರುದ್ಧ ಸ್ವಭಾವದವನು: ಮೈಗಳ್ಳ, ಮಾತುಗಾರ, ಹೋತವೊಂದನ್ನು ಸಾಕಿಕೊಂಡು ಊರೆಲ್ಲ ಸುತ್ತುವವನು. 1955ರಲ್ಲಿ ‘ಖೌಫ್ನಾಕ್ ಇಮಾರತ್’ ಕಾದಂಬರಿಯೊಂದಿಗೆ ಇಮ್ರಾನ್ ಮಾಲೆ ಶುರುವಾಯಿತು. ಈ ಅಲಿ ಇಮ್ರಾನ್ ಆಕ್ಸ್‌ಫರ್ಡ್‌ನಿಂದ ಪಿಎಚ್.ಡಿ. ಪಡೆದವನಾದರೂ ನೋಡುವವರಿಗೆ ಪೆದ್ದನಂತೆ ಕಾಣುತ್ತಾನೆ. ಗುಪ್ತಚರ ಇಲಾಖೆಯ ದೊಡ್ಡ ಅಧಿಕಾರಿಯಾಗಿರುವ ತಂದೆಯೇ ಅವನನ್ನು ಕೆಲಸಕ್ಕೆ ಬಾರದವನೆಂದು ಮನೆಯಿಂದ ಹೊರಗೆ ಹಾಕಿರುತ್ತಾರೆ. ಆದರೆ ಎಕ್ಸ್-ಟೂ ಎಂಬ ಹೆಸರಿನಿಂದ ದೇಶದ ರಹಸ್ಯ ಸೇವೆಯನ್ನು ನಡೆಸುವವನು ಅವನೇ. ಅವನ ಕೈಕೆಳಗೆ ದುಡಿಯುವ ಬಹುತೇಕರಿಗೂ ಈ ಸಂಗತಿ ಗೊತ್ತಿಲ್ಲ. ಫರೀದಿಯನ್ನು ಗೌರವಿಸಿದ ನಮ್ಮ ತಂದೆಯವರಿಗೆ ಪ್ರೀತಿ ಇದ್ದದ್ದು ಇಮ್ರಾನ್ ಮೇಲೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಬ್ನೆ ಸಫಿಯವರ ಪ್ರತಿಭೆ ಪೂರ್ತಿಯಾಗಿ ತೆರೆದುಕೊಂಡದ್ದು ಇಮ್ರಾನ್‌ನಲ್ಲಿಯೇ. ಏಕೆಂದರೆ ಇತರರ ಕಥೆಗಳಲ್ಲಿ ಅಪರಾಧಿ ಯಾರೆಂಬುದು ರಹಸ್ಯವಾದರೆ, ಇಲ್ಲಿ ಪತ್ತೇದಾರನೇ ಒಂದು ರಹಸ್ಯ. ಓದುಗನಿಗೆ ಅದು ತಿಳಿದಿರುವುದರಿಂದ ಅವನೂ ಆ ಗುಟ್ಟಿನಲ್ಲಿ ಪಾಲುದಾರನಾಗುತ್ತಾನೆ.

ಇನ್ನೊಂದು ಗುಣವನ್ನು ನಾನು ಬಹಳ ತಡವಾಗಿ ಗುರುತಿಸಿದೆ. ಈ ಕಥೆಗಳು ನಡೆಯುವ ಮಹಾನಗರಕ್ಕೆ ಅವರು ಹೆಸರು ಕೊಡುವುದಿಲ್ಲ, ದೇಶಕ್ಕೂ ಕೊಡುವುದಿಲ್ಲ. ದೇಶ ಎರಡಾಗಿ ಐದೇ ವರ್ಷವಾಗಿದ್ದ ಕಾಲದಲ್ಲಿ, ಗಡಿಯ ಆಚೆ ಕುಳಿತು ಈಚೆಯವರಿಗೂ ಬರೆಯುತ್ತಿದ್ದ ಲೇಖಕನಿಗೆ ಇದು ಎಷ್ಟು ಜಾಣತನದ, ಎಷ್ಟು ಸೌಜನ್ಯದ ದಾರಿಯಾಗಿತ್ತೆಂಬುದನ್ನು ಯೋಚಿಸಬೇಕು. ಕರಾಚಿಯವನಿಗೆ ಅದು ಕರಾಚಿ, ಲಖನೌದವನಿಗೆ ಲಖನೌ. ತಂದೆಯವರು ಹೇಳುವಾಗ ಆ ಕಥೆಯ ಕೋಟೆ ನಮ್ಮ ಬಹಮನಿ ಕೋಟೆಯೇ ಆಗಿ, ಓಡಿಹೋಗುವ ಕಳ್ಳ ಸ್ಟೇಷನ್ ರಸ್ತೆಯಲ್ಲಿಯೇ ಓಡುತ್ತಿದ್ದ.

1960ರಿಂದ ಮೂರು ವರ್ಷ ಇಬ್ನೆ ಸಫಿಯವರಿಗೆ ಒಂದಕ್ಷರವನ್ನೂ ಬರೆಯಲಾಗಲಿಲ್ಲ. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಅವರನ್ನು ಹಿಡಿದಿತ್ತು. ಆ ಅವಧಿಯಲ್ಲಿ ಅವರ ಹೆಸರನ್ನೇ ಹೋಲುವ ಹೆಸರುಗಳನ್ನಿಟ್ಟುಕೊಂಡು ಅನೇಕರು ಫರೀದಿ, ಇಮ್ರಾನರ ನಕಲಿ ಕಥೆಗಳನ್ನು ಮಾರುಕಟ್ಟೆಗೆ ತಂದರು. ಮನಸ್ಸು ಒಡೆದ ಮನುಷ್ಯನೊಬ್ಬ ಚೇತರಿಸಿಕೊಂಡು ಮತ್ತೆ ಅದೇ ಬಿಗಿಯಿಂದ, ಅದೇ ನಗೆಯಿಂದ ಬರೆಯುವುದು ಸಣ್ಣ ಮಾತಲ್ಲ. 1963ರ ನವೆಂಬರ್‌ನಲ್ಲಿ ಅವರ ‘ಡೇಢ್ ಮತವಾಲೇ’ ಹೊರಬಂದಾಗ ಭಾರತದಲ್ಲಿ ಅದನ್ನು ಬಿಡುಗಡೆ ಮಾಡಿದವರು, ಮುಂದೆ ಪ್ರಧಾನಮಂತ್ರಿಯಾದ ಲಾಲ್ ಬಹದ್ದೂರ್ ಶಾಸ್ತ್ರಿಯವರು. ಪತ್ತೇದಾರಿ ಪುಸ್ತಕವೆಂದರೆ ಮೂಗು ಮುರಿಯುವವರು ಈ ಸಂಗತಿಯನ್ನು ಗಮನಿಸಬೇಕೆಂದು ನನ್ನ ವಿನಂತಿ.

1980ರ ಜುಲೈ 26ರಂದು, ತಮ್ಮ ಹುಟ್ಟಿದ ದಿನದಂದೇ, 52ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಜಾಸೂಸಿ ದುನಿಯಾದಲ್ಲಿ ಸುಮಾರು 125, ಇಮ್ರಾನ್ ಮಾಲೆಯಲ್ಲಿ ಸುಮಾರು 120 ಕಾದಂಬರಿಗಳು ಅಷ್ಟರಲ್ಲಿ ಬಂದಿದ್ದವು. ಹೈದರಾಬಾದಿನಿಂದ ಬರುತ್ತಿದ್ದ ಉರ್ದು ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ತಂದೆಯವರು ಅಂಗಡಿಗೆ ಹೋಗಲಿಲ್ಲ.

ಇವರ ಬರವಣಿಗೆಯಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲ ಕಾದಂಬರಿಯ ಕಥಾವಸ್ತುವನ್ನು ಇಂಗ್ಲಿಷ್ ಕಾದಂಬರಿಯೊಂದರಿಂದ ಪಡೆದದ್ದೆಂದು ಅವರೇ ಒಪ್ಪಿಕೊಂಡಿದ್ದರು. ಇಷ್ಟೊಂದು ಬರೆದವರಲ್ಲಿ ಒಂದೇ ತಂತ್ರ ಮರಳಿ ಮರಳಿ ಬರುವುದೂ ಇದೆ. ಆದರೆ ‘ಪೇಶ್‌ರಸ್’ ಎಂಬ ಹೆಸರಿನಲ್ಲಿ ಅವರು ಬರೆಯುತ್ತಿದ್ದ ಮುನ್ನುಡಿಗಳನ್ನು ಓದಿದವರು, ಓದುಗರ ಪತ್ರಗಳಿಗೆ, ಆಕ್ಷೇಪಗಳಿಗೆ ಅಲ್ಲಿಯೇ ಉತ್ತರಿಸುತ್ತಿದ್ದ ಅವರ ಪ್ರಾಮಾಣಿಕತೆಯನ್ನು ಬಲ್ಲರು. ಉರ್ದು ವಿಮರ್ಶೆಯ ದೊಡ್ಡ ಹೆಸರಾದ ಶಮ್ಸುರ್ರಹಮಾನ್ ಫಾರೂಕಿಯವರು ಜಾಸೂಸಿ ದುನಿಯಾದ ನಾಲ್ಕು ಕಾದಂಬರಿಗಳನ್ನು ತಾವೇ ಇಂಗ್ಲಿಷಿಗೆ ಅನುವಾದಿಸಿದರು. ಅವುಗಳನ್ನು ಪ್ರಕಟಿಸಿದ್ದು ಚೆನ್ನೈನ ಪ್ರಕಾಶನ ಸಂಸ್ಥೆ. ಹಿಂದಿಯಲ್ಲಿಯಂತೂ ಮೊದಲಿನಿಂದಲೇ ಫರೀದಿ ವಿನೋದ್ ಆಗಿ, ಇಮ್ರಾನ್ ರಾಜೇಶ್ ಆಗಿ ಓದುಗರ ಮನೆ ಸೇರಿದ್ದರು. ಆದರೆ ಕಲಬುರಗಿಯ ಪುಸ್ತಕದ ಅಂಗಡಿಗಳಲ್ಲಿ ಕನ್ನಡದ ಇಬ್ನೆ ಸಫಿಗಾಗಿ ನಾನು ಎಷ್ಟೋ ಸಲ ಕೇಳಿ ಬರಿಗೈಯಲ್ಲಿ ಮರಳಿದ್ದೇನೆ.

ಅನುವಾದ ಸುಲಭವಲ್ಲವೆಂಬುದು ನಿಜ. ಹಮೀದನ ಮಾತಿನ ತುಂಬ ಶೇರ್ ಎಂಬ ಉರ್ದು ದ್ವಿಪದಿಗಳ ತಿರುಚು, ಶಬ್ದಗಳ ಚಮತ್ಕಾರ. ಗ್ರಾಂಥಿಕ ಕನ್ನಡಕ್ಕೆ ಇಳಿಸಿದರೆ ಅವನು ಸತ್ತೇಹೋಗುತ್ತಾನೆ. ಇಲ್ಲಿಯೇ ನಮ್ಮ ಭಾಗದ ಕನ್ನಡದ ಪ್ರಶ್ನೆ ಬರುತ್ತದೆ. ಖೂನಿ, ಫಿರ್ಯಾದಿ, ಕೈದಿ, ಜಾಮೀನು, ಜಪ್ತಿ, ವಕೀಲ, ವಾರಸುದಾರ, ಇವೆಲ್ಲ ಪಾರಸಿ-ಅರಬ್ಬಿಯಿಂದ ಕನ್ನಡಕ್ಕೆ ಬಂದು ಕನ್ನಡವೇ ಆಗಿಹೋದ ಶಬ್ದಗಳು. ನಮ್ಮ ಪೊಲೀಸ್ ಠಾಣೆಗಳಲ್ಲಿ ಇಂದಿಗೂ ‘ಗುನ್ನೆ ನಂಬರ್’ ಎಂದೇ ಬರೆಯುತ್ತಾರೆ. ಅದು ಉರ್ದುವಿನ ಗುನಾಹ್. ಅಪರಾಧ ಮತ್ತು ಕಾನೂನಿನ ಇಡೀ ಶಬ್ದಸಂಪತ್ತು ಎರಡೂ ಭಾಷೆಗಳಿಗೆ ಹೀಗೆ ಹಂಚಿಹೋಗಿರುವಾಗ, ಆಡುಮಾತಿನಲ್ಲಿ ದಖನಿ ಉರ್ದುವಿನ ಒಗ್ಗರಣೆ ಇರುವ ಕಲಬುರಗಿ, ಬೀದರದ ಕನ್ನಡಕ್ಕಿಂತ ಇಬ್ನೆ ಸಫಿಯವರಿಗೆ ಒಪ್ಪುವ ಕನ್ನಡ ಇನ್ನೆಲ್ಲಿ ಸಿಕ್ಕೀತು? ತಂದೆಯವರು ಮಾಳಿಗೆಯ ಮೇಲೆ ಹಮೀದನ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ಅನುವಾದದಲ್ಲಿ ಏನೂ ಕಳೆದುಹೋಗಿದ್ದಿಲ್ಲ.

ಆದರೆ ಅಂಥ ಅನುವಾದ ಮಾಡಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಕಲಿತವರಲ್ಲಿ ಉಳಿದವರಿಗೆ ಈಗ ಎಂಬತ್ತೈದು ದಾಟಿದೆ. ಇತ್ತ ಉರ್ದು ಮನೆಮಾತಾಗಿದ್ದು ಕನ್ನಡದಲ್ಲಿ ಪದವಿ ಪಡೆದ ಯುವಕ ಯುವತಿಯರು ನಮ್ಮಲ್ಲಿ ಇದ್ದಾರೆ. ನನ್ನ ತರಗತಿಗಳಲ್ಲಿಯೇ ಅಂಥವರು ಅನೇಕರಿದ್ದರು. ಈ ಇಬ್ಬರನ್ನು ಜೊತೆಗೆ ಕೂಡಿಸಬಲ್ಲ ಗುಲಬರ್ಗಾ ವಿಶ್ವವಿದ್ಯಾಲಯ ನಗರದಲ್ಲಿದೆ, ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ. ಅನುವಾದಕ್ಕೆಂದೇ ರಾಜ್ಯ ಸರ್ಕಾರ ಸ್ಥಾಪಿಸಿದ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ಇದೆ. ಎರಡೂ ಮಾಲೆಗಳಿಂದ ಹತ್ತು ಕಾದಂಬರಿಗಳನ್ನು ಆರಿಸಿಕೊಂಡು ಶುರುಮಾಡಿದರೂ ಸಾಕು. ಲೇಖಕರು ತೀರಿಕೊಂಡು 60 ವರ್ಷ ತುಂಬುವವರೆಗೆ ಹಕ್ಕುಸ್ವಾಮ್ಯ ಇರುವುದರಿಂದ ವಾರಸುದಾರರ ಅನುಮತಿ ಪಡೆಯಬೇಕಾಗುತ್ತದೆ. ಇಂಗ್ಲಿಷ್ ಪ್ರಕಾಶಕರಿಗೆ ದೊರೆತ ಅನುಮತಿ ನಮ್ಮ ಸಂಸ್ಥೆಗಳಿಗೂ ದೊರೆಯದಿರಲು ಕಾರಣವಿಲ್ಲ.

ಕೊನೆಯದಾಗಿ ಒಂದು ಸಂಗತಿ. ತಂದೆಯವರು ಒಂದೊಂದಾಗಿ ಕೊಂಡು ಕೂಡಿಟ್ಟಿದ್ದ ಈ ಕಾದಂಬರಿಗಳನ್ನು ಅವರು ತೀರಿಕೊಂಡ ಮೇಲೆ ಒಂದು ಗ್ರಂಥಾಲಯಕ್ಕೆ ಕೊಡಲು ಒಯ್ದಿದ್ದೆ. ಜಾಸೂಸಿ ಪುಸ್ತಕಗಳನ್ನು ದಾಖಲೆಗೆ ತೆಗೆದುಕೊಳ್ಳುವುದಿಲ್ಲ, ರದ್ದಿಗೆ ಹಾಕಿರಿ ಎಂಬ ಉತ್ತರ ಬಂದಿತು. ಆ ದಿನದ ನೋವು ಇನ್ನೂ ಆರಿಲ್ಲ. ಪುಸ್ತಕಗಳನ್ನು ನಾನು ರದ್ದಿಗೆ ಹಾಕಲಿಲ್ಲ. ಅರವತ್ಮೂರು ಕಾದಂಬರಿಗಳು ತಗಡಿನ ಟ್ರಂಕಿನಲ್ಲಿ, ಬೇವಿನ ಎಲೆಯ ನಡುವೆ, ಹುಳ ಹಿಡಿಯದಂತೆ ನಮ್ಮ ಮನೆಯಲ್ಲಿವೆ. ಅನುವಾದಕ್ಕೆ ಮುಂದಾಗುವ ಯಾವುದೇ ಸಂಸ್ಥೆಯಾಗಲಿ, ವ್ಯಕ್ತಿಯಾಗಲಿ ತಮ್ಮ ಕಚೇರಿಯ ಮೂಲಕ ನನ್ನನ್ನು ಸಂಪರ್ಕಿಸಿದರೆ ಅವುಗಳನ್ನು ಸಂತೋಷದಿಂದ ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಶಹಾಬಜಾರ, ಕಲಬುರಗಿ