ಅಧ್ಯಾಪಕರ ನಿಧಿಗಾಗಿ ಮನವಿ: ಚೌತಿಯೊಳಗೆ ಕೈಜೋಡಿಸಿ

ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗೆ, ಪಾಲಕರಿಗೆ, ಊರಿನಲ್ಲೂ ಪರವೂರಿನಲ್ಲೂ ಇರುವ ಎಲ್ಲ ಹಿತೈಷಿಗಳಿಗೆ ಆಡಳಿತ ಮಂಡಳಿಯ ನಮಸ್ಕಾರಗಳು.

ಪುನರ್ವಸು ಮಳೆಗೆ ಫಿಸಿಕ್ಸ್ ಲ್ಯಾಬಿನ ಮಾಡು ಸೋರಿದ ಸುದ್ದಿ ನಿಮ್ಮಲ್ಲಿ ಬಹಳ ಜನರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮುಟ್ಟಿದೆ. ಪಶ್ಚಿಮದ ಗೋಡೆಯ ಕಡೆ ಪಕಾಸುಗಳಿಗೆ ಗೆದ್ದಲು ಹಿಡಿದಿತ್ತು. ರಾತ್ರಿಯ ಗಾಳಿಗೆ ಹೆಂಚು ಜಾರಿ ನೀರೆಲ್ಲ ಮೇಜಿನ ಮೇಲೇ ಸುರಿದಿದೆ. ಎರಡು ಸ್ಪೆಕ್ಟ್ರೋಮೀಟರುಗಳು ಹಾಳಾದವು. ಉಳಿದ ಸಲಕರಣೆಗಳನ್ನು ನಮ್ಮ ಅಟೆಂಡರೂ ಹಾಸ್ಟೆಲಿನ ಹುಡುಗರೂ ರಾತ್ರೋರಾತ್ರಿ ಲೈಬ್ರರಿಗೆ ಸಾಗಿಸಿ ಉಳಿಸಿಕೊಟ್ಟರು. ಸದ್ಯಕ್ಕೆ ಟಾರ್ಪಾಲು ಹೊದೆಸಿದ್ದೇವೆ. ಪಕಾಸು, ರೀಪು ಬದಲಿಸಿ ಹೆಂಚು ಹೊದೆಸಲು ಸುಮಾರು 4 ಲಕ್ಷ ರೂಪಾಯಿ ಬೇಕಾದೀತು ಎಂದು ಮೇಸ್ತ್ರಿ ಹೇಳಿದ್ದಾರೆ.

ಸುದ್ದಿ ತಿಳಿದದ್ದೇ ತಡ, ಮೂರ್ನಾಲ್ಕು ಜನ ಫೋನ್ ಮಾಡಿ ಮಾಡಿನ ಖರ್ಚಿಗೆ ನಾವಿದ್ದೇವೆ ಅಂದರು. ಅವರ ಋಣ ದೊಡ್ಡದು. ಈ ಕಾಲೇಜಿಗೆ ಮೊದಲಿನಿಂದಲೂ ಇಂಥ ಜನರ ಬಲವೇ ಬಲ. ಹಿರಿಯರು ತಮ್ಮ ಬೆಟ್ಟದ ಮರ ಕಡಿಸಿ ಕೊಟ್ಟದ್ದು, ಅಡಿಕೆ ಮಂಡಿಯ ವರ್ತಕರು ಕ್ವಿಂಟಲಿಗೆ ಇಷ್ಟು ಎಂದು ಎತ್ತಿಟ್ಟದ್ದು, ಹೆಂಗಸರು ಮುಷ್ಟಿ ಅಕ್ಕಿ ಕೂಡಿಸಿ ಹಾಸ್ಟೆಲಿನ ಅಡುಗೆಮನೆ ನಡೆಸಿದ್ದು ನಿಮಗೆಲ್ಲ ಗೊತ್ತಿರುವ ಕಥೆ. ಇಲ್ಲಿ ಕಲಿತವರು ಇಂದು ಡಾಕ್ಟರರಾಗಿದ್ದಾರೆ, ಸಹಕಾರಿ ಸಂಘಗಳನ್ನು ನಡೆಸುತ್ತಿದ್ದಾರೆ, ಸುತ್ತಲಿನ ಹೈಸ್ಕೂಲುಗಳಲ್ಲಿ ಮಾಸ್ತರರಾಗಿದ್ದಾರೆ. ವಿಶ್ವವಿದ್ಯಾಲಯದ ರ‍್ಯಾಂಕ್ ಪಟ್ಟಿಯಲ್ಲಿ ನಮ್ಮ ಹೆಸರು ಬಂದ ವರ್ಷಗಳಿವೆ. ನಮ್ಮ ಮಕ್ಕಳ ಯಕ್ಷಗಾನ ತಂಡ ಯುವಜನೋತ್ಸವದಲ್ಲಿ ಗೆದ್ದು ಬಂದಾಗ ಬಸ್‌ಸ್ಟ್ಯಾಂಡಿನಿಂದ ಮೆರವಣಿಗೆ ಹೊರಟಿದ್ದನ್ನು ಊರು ಇನ್ನೂ ಮರೆತಿಲ್ಲ.

ಆದರೆ ಈ ಸಲ ನಾವು ಕೈಚಾಚಿ ಬಂದಿರುವುದು ಮುಖ್ಯವಾಗಿ ಬೇರೆಯದೇ ಕಾರಣಕ್ಕೆ. ಕೊಠಡಿ ಕಟ್ಟಿಸುತ್ತೇವೆ ಅಂದಾಗ ದಾನಿಗಳು ಸಿಕ್ಕಿದ್ದಾರೆ. ಗೋಡೆಯ ಮೇಲೆ ಅವರ ಹಿರಿಯರ ಹೆಸರಿನ ಕಲ್ಲು ಕೂರಿಸಿದ್ದೇವೆ, ಅದು ನ್ಯಾಯವೇ. ಆ ಕೊಠಡಿಯಲ್ಲಿ ನಿಂತು ಪಾಠ ಮಾಡುವವರ ಸಂಬಳಕ್ಕೆ ಮಾತ್ರ ಇಷ್ಟು ವರ್ಷಗಳಲ್ಲಿ ನಾವು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಈಗ ಕೇಳಲೇಬೇಕಾದ ಹೊತ್ತು ಬಂದಿದೆ.

ಸರ್ಕಾರವೇ ಸಂಬಳ ಕೊಡುವ ಅನುದಾನಿತ ಹುದ್ದೆಯಲ್ಲಿದ್ದ ಅಧ್ಯಾಪಕರು ಒಬ್ಬೊಬ್ಬರಾಗಿ ನಿವೃತ್ತರಾದರು. ಆ ಜಾಗಗಳನ್ನು ತುಂಬಲು ಅನುಮತಿ ಇನ್ನೂ ಕೈಗೆ ಬಂದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್, ಕಾಮರ್ಸ್ ಈ ಐದು ವಿಷಯಗಳನ್ನು ಈಗ ನಡೆಸುತ್ತಿರುವವರು ಆಡಳಿತ ಮಂಡಳಿಯೇ ನೇಮಿಸಿಕೊಂಡ ಐವರು ತರುಣ ಉಪನ್ಯಾಸಕರು. ಅತಿಥಿ ಉಪನ್ಯಾಸಕರಿಗೆ ತರಗತಿಯೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲೇ ಹೇಳಿದೆ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವೇ 57,700. ನಮ್ಮಿಂದ ಕೊಡಲಾಗುತ್ತಿರುವುದು 22 ಸಾವಿರದ ಆಸುಪಾಸು. ಅವರು ಮಾಡುತ್ತಿರುವ ಕೆಲಸ ನೋಡಿದರೆ ಈ ಅಂಕಿ ಬರೆಯಲಿಕ್ಕೂ ಮನಸ್ಸು ಹಿಂಜರಿಯುತ್ತದೆ.

ಆ ಕೆಲಸ ಎಂಥದ್ದು ಎಂದು ತಿಳಿಯಬೇಕಾದರೆ ಅವರ ಕ್ಲಾಸಿನಲ್ಲಿ ಒಮ್ಮೆ ಕೂತು ನೋಡಬೇಕು. ಕಳೆದ ವರ್ಷ ಬಿಎಸ್ಸಿ ಮೊದಲ ವರ್ಷದ ಫಿಸಿಕ್ಸ್ ತರಗತಿಯಲ್ಲಿ ನಾವು ಕೆಲವರು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಉಪನ್ಯಾಸಕರು ಸೂತ್ರ ಬರೆಯಲಿಲ್ಲ, ಒಂದು ಪ್ರಶ್ನೆ ಕೇಳಿದರು: ನೇರ ಮೇಲಕ್ಕೆ ಎಸೆದ ಅಡಿಕೆ ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು? ಸೊನ್ನೆ ಅನ್ನುವವರು ಒಂದು ಬೆರಳು ಎತ್ತಿ, ಕೆಳಮುಖವಾಗಿ 9.8 ಅನ್ನುವವರು ಎರಡು ಎತ್ತಿ ಅಂದರು. ಹೆಚ್ಚಿನವರು ಒಂದೇ ಬೆರಳು ಎತ್ತಿದರು. ಯಾರು ಸರಿ ಎಂದು ಅವರು ಹೇಳಲಿಲ್ಲ. ಪಕ್ಕದವರ ಜೊತೆ ಮಾತಾಡಿ, ಒಪ್ಪಿಸಿ ನೋಡಿ ಅಂದುಬಿಟ್ಟರು. ಕ್ಲಾಸು ಗಲಗಲ ಅಂದಿತು. ನಮ್ಮ ಮುಂದಿದ್ದ ಹುಡುಗಿ ಗೆಳತಿಗೆ ಹೇಳಿದಳು, "ಸೊನ್ನೆ ಆದ್ರೆ ಅಡಿಕೆ ಅಲ್ಲೇ ನಿಂತಿರಬೇಕಿತ್ತಲ್ಲೇ, ಕೆಳಗೆ ಯಾಕೆ ಬರ್ತದೆ?" ಎರಡನೆಯ ಸಲ ಕೇಳಿದಾಗ ಹೆಚ್ಚಿನ ಕೈಗಳಲ್ಲಿ ಎರಡು ಬೆರಳಿದ್ದವು. ಆಮೇಲೆ ಅವರು ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆಸಿದರು, ಪರೀಕ್ಷೆಗೆ ಅದು ಬೇಕಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ಕ್ರಮ ಇದು. ಲೆಕ್ಕವನ್ನು ಸರಿಯಾಗಿ ಬಿಡಿಸುವ ಜಾಣ ವಿದ್ಯಾರ್ಥಿಗಳೇ ನ್ಯೂಟನ್ನನ ನಿಯಮದ ಸಾದಾ ಪ್ರಶ್ನೆಗೆ ತಡವರಿಸುವುದನ್ನು ಕಂಡು ಅವರು ತಮ್ಮ ಪಾಠದ ರೀತಿಯನ್ನೇ ಬದಲಿಸಿದರು. ಇದಕ್ಕೆ ಸ್ಮಾರ್ಟ್ ಬೋರ್ಡು ಬೇಕಾಗಿಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಮೊದಲೇ ಬಲ್ಲ, ಸರಿಯಾದ ಪ್ರಶ್ನೆಯನ್ನು ಹಿಂದಿನ ರಾತ್ರಿಯೇ ಯೋಚಿಸಿಟ್ಟುಕೊಂಡು ಬರುವ ಅಧ್ಯಾಪಕ ಬೇಕು. ಹಾಗೆ ಯೋಚಿಸಲು ಅವರಿಗೆ ಹೊತ್ತಿರಬೇಕು. ಸಂಬಳ ಸಾಲದೆ ಸಂಜೆ ಇನ್ನೆರಡು ಕಡೆ ಟ್ಯೂಷನ್ ಹೇಳಿ ರಾತ್ರಿ ಮನೆ ಸೇರುವವರಿಗೆ ಆ ಹೊತ್ತು ಎಲ್ಲಿಂದ ಬರಬೇಕು?

ಅದರ ಮೇಲೆ ಪಠ್ಯಕ್ರಮದ ಬದಲಾವಣೆ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರತಿ ಸಲವೂ ಹೊಸ ಪೇಪರು, ಹೊಸ ನೋಟ್ಸು. ಇವರು ಗೊಣಗದೆ ಎಲ್ಲವನ್ನೂ ಹೊಸದಾಗಿ ಸಿದ್ಧಮಾಡಿಕೊಂಡರು.

ನಮ್ಮ ಮಕ್ಕಳ ಕಷ್ಟ ನಿಮಗೆ ಹೊಸದಲ್ಲ. ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ಹಾಜರಿ ಪುಸ್ತಕದಲ್ಲಿ ಖಾಲಿ ಜಾಗ ಹೆಚ್ಚುತ್ತದೆ. ಕೂಲಿ ಮನೆಗಳ ಮಕ್ಕಳು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ, ಬೆಳಿಗ್ಗೆ ಏಳರ ಬಸ್ಸು ತಪ್ಪುತ್ತದೆ. ಬೆರಳ ತುದಿಯಲ್ಲಿ ಅಡಿಕೆ ಚೊಗರಿನ ಕಪ್ಪು ಕಲೆ ಇಟ್ಟುಕೊಂಡೇ ಪ್ರಾಕ್ಟಿಕಲ್ ಪರೀಕ್ಷೆಗೆ ಬರುವವರಿದ್ದಾರೆ. ತಪ್ಪಿದ ಪಾಠಗಳನ್ನು ನಮ್ಮ ಉಪನ್ಯಾಸಕರು ಸಂಜೆ ನಾಲ್ಕರಿಂದ ಕೊನೆಯ ಬಸ್ಸಿನವರೆಗೆ ಕೂತು ಮತ್ತೆ ಹೇಳಿಕೊಡುತ್ತಾರೆ. ಮದುವೆ ಗೊತ್ತಾಗಿದೆ, ಇನ್ನು ಕಾಲೇಜು ಸಾಕು ಎಂದು ನಿಂತಿದ್ದ ಒಬ್ಬ ಹುಡುಗಿಯ ಮನೆಗೆ ಇಂಗ್ಲಿಷ್ ಮೇಡಂ ಎರಡು ಸಲ ಹೋಗಿ, ಅವಳ ಅಜ್ಜಿಯನ್ನು ಒಪ್ಪಿಸಿ ಬಂದರು. ಆ ಹುಡುಗಿ ಈಗ ಬಿಎಡ್ ಓದುತ್ತಿದ್ದಾಳೆ. ಇದೆಲ್ಲ ಯಾವ ವರ್ಕ್‌ಲೋಡ್ ಲೆಕ್ಕದಲ್ಲೂ ಸೇರುವುದಿಲ್ಲ.

ನಮ್ಮ ನಾಡಿನ ದೊಡ್ಡ ವಿದ್ಯಾಸಂಸ್ಥೆಗಳು ಬೆಳೆದದ್ದು ಇಂಥ ಅಧ್ಯಾಪಕರಿಂದಲೇ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಗೆ ಅಡಿಪಾಯ ಹಾಕಿದವರು ಏಳು ಜನ ಶಿಕ್ಷಕರು, ಇಂದಿಗೂ ಅವರನ್ನು ಸಪ್ತರ್ಷಿಗಳೆಂದು ನೆನೆಯುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿದರು, ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ತರಗತಿಯ ಆಚೆಗೂ ವಿಜ್ಞಾನವನ್ನು ಜನರಿಗೆ ಮುಟ್ಟಿಸಿತು. ಅವರಂಥವರ ತ್ಯಾಗಕ್ಕೆ ಕೈಮುಗಿಯುತ್ತೇವೆ. ಹಾಗೆಂದು ಮನೆ, ಮಕ್ಕಳು, ಸಾಲ ಇರುವ ತರುಣರಿಂದ ಅದೇ ತ್ಯಾಗವನ್ನು ವರ್ಷವರ್ಷವೂ ಕೇಳುವುದು ಧರ್ಮವಲ್ಲ ಎಂಬುದು ಮಂಡಳಿಯ ಒಮ್ಮತದ ಅಭಿಪ್ರಾಯ.

ಐವರಲ್ಲಿ ಇಬ್ಬರಿಗೆ ಕರಾವಳಿಯ ಕೋಚಿಂಗ್ ಸಂಸ್ಥೆಗಳಿಂದ ಇಮ್ಮಡಿ ಸಂಬಳದ ಕರೆ ಬಂದಿದೆ. ನಮ್ಮ ಮೇಲಿನ ಪ್ರೀತಿಗೆ ಚೌತಿಯವರೆಗೆ ಉತ್ತರ ತಡೆದಿದ್ದಾರೆ. ಐವರಿಗೂ ತಿಂಗಳಿಗೆ ಕನಿಷ್ಠ 30 ಸಾವಿರ ಕೊಡಬೇಕೆಂದರೆ ವರ್ಷಕ್ಕೆ 18 ಲಕ್ಷ ಬೇಕು. ಫೀಸಿನಿಂದ ಹುಟ್ಟುವುದು ನಾಲ್ಕೂವರೆ ಲಕ್ಷದಷ್ಟು. ಫೀಸು ಏರಿಸಿದರೆ ಯಾರಿಗಾಗಿ ಈ ಕಾಲೇಜು ಕಟ್ಟಿದೆವೋ ಅವರೇ ಹೊರಗುಳಿಯುತ್ತಾರೆ, ಅದನ್ನು ಮಾಡಲಾರೆವು. ಹೀಗಾಗಿ 13ರಿಂದ 14 ಲಕ್ಷ ರೂಪಾಯಿ ದಾನಿಗಳಿಂದಲೇ ಬರಬೇಕಾಗಿದೆ. ಮಾಡಿನ ಖರ್ಚು ಬೇರೆ. ಒಬ್ಬರು 30 ಸಾವಿರ ಕೊಟ್ಟರೆ ಒಬ್ಬ ಉಪನ್ಯಾಸಕರ ಒಂದು ತಿಂಗಳ ಸಂಬಳವಾಯಿತು. ಒಂದು ಬ್ಯಾಚಿನವರು ಸೇರಿ ಒಂದು ವಿಷಯದ ಇಡೀ ವರ್ಷದ ಹೊಣೆ ಹೊತ್ತರೆ ಇನ್ನೂ ಒಳ್ಳೆಯದು. ತಿಂಗಳಿಗೆ 500 ರೂಪಾಯಿಯಂತೆ ಕೊಡುವವರ ಹಣವೂ ಅಷ್ಟೇ ಗೌರವದಿಂದ ಇದೇ ನಿಧಿಗೆ ಸೇರುತ್ತದೆ. ಬೇರೆ ಯಾವ ಖರ್ಚಿಗೂ ಈ ಹಣ ಮುಟ್ಟುವುದಿಲ್ಲ, ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದುತ್ತೇವೆ.

ಹಣವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕಳುಹಿಸಬೇಕೆಂದು ಕೋರಿಕೆ. 2,000 ರೂಪಾಯಿ ಮೀರಿದ ನಗದಿಗೆ ದಾನಕ್ಕಿರುವ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಆ ವಿನಾಯಿತಿ ಇಲ್ಲ. ವಿದೇಶದಲ್ಲಿದ್ದು ಭಾರತದ ಪೌರತ್ವ ಉಳಿಸಿಕೊಂಡವರು ಕೊಡಬಹುದು. ಅಲ್ಲಿನ ಪೌರರಾದವರಿಂದ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಅದು ನಮ್ಮಲ್ಲಿಲ್ಲ. ಅಂಥವರು ಊರಿಗೆ ಬಂದಾಗ ಒಂದು ತರಗತಿಯಲ್ಲಿ ಮಕ್ಕಳೊಂದಿಗೆ ಮಾತಾಡಿ ಹೋದರೆ ನಮಗೆ ಸಂತೋಷ. ಖಾತೆಯ ವಿವರ ಕಾಲೇಜಿನ ಕಚೇರಿಯಲ್ಲಿ ಸಿಗುತ್ತದೆ.

ಚೌತಿಯ ಹಿಂದಿನ ದಿನ ಮಂಡಳಿ ಸಭೆ ಸೇರಿ ಐವರಿಗೂ ನೇಮಕಪತ್ರ ಬರೆಯಬೇಕಾಗಿದೆ. ಹಣ ನಿಧಾನವಾಗಿ ಬಂದರೂ ನಡೆಯುತ್ತದೆ, ಎಷ್ಟು ಕೊಡುತ್ತೀರಿ ಎಂಬ ಮಾತನ್ನು ಮಾತ್ರ ಅಷ್ಟರೊಳಗೆ ದಯವಿಟ್ಟು ತಿಳಿಸಿ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ