ತಾಮ್ರದ ಶ್ರೀಚಕ್ರದಲ್ಲಿ ತಪ್ಪಿದ ಎಣಿಕೆ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದ ಕಣ್ಣು ನನ್ನದು, ಎಣಿಸದೆ ಸುಮ್ಮನಿರದು. ಮೊನ್ನೆ ಗೃಹಪ್ರವೇಶವೊಂದರಲ್ಲಿ ಉಡುಗೊರೆಯಾಗಿ ಬಂದ ತಾಮ್ರದ ಶ್ರೀಚಕ್ರದಲ್ಲಿ ಮೇಲ್ಮುಖದ ತ್ರಿಕೋನ ಮೂರು, ಕೆಳಮುಖದವೂ ಮೂರೇ! ಇರಬೇಕಾದದ್ದು ಮೇಲ್ಮುಖದ ಶಿವನವು ನಾಲ್ಕು, ಕೆಳಮುಖದ ಶಕ್ತಿಯವು ಐದು. ಈ ಒಂಬತ್ತೂ ಒಂದನ್ನೊಂದು ಛೇದಿಸಿದಾಗಲೇ 43 ಚಿಕ್ಕ ತ್ರಿಕೋನಗಳು ಮೂಡುವುದು. ಮೂರು ಗೆರೆಗಳು ಕೂಡಬೇಕಾದ ಕಡೆ ಕೂದಲೆಳೆಯಷ್ಟು ತಪ್ಪಿದರೂ ಬೇಡದ ತ್ರಿಕೋನವೊಂದು ಹುಟ್ಟಿಕೊಳ್ಳುತ್ತದೆ. ನಾನೇ ಬಿಡಿಸಲು ಹೋಗಿ ಎರಡು ಡ್ರಾಯಿಂಗ್ ಹಾಳೆ ಹರಿದಿದ್ದೇನೆ. ಸುತ್ತಲಿನ ಎಂಟು ಮತ್ತು ಹದಿನಾರು ದಳಗಳು ಸುಲಭ, ಕೈವಾರ ಸಾಕು. ತಯಾರಿಸುವವರು ಒಮ್ಮೆ ಎಣಿಸಬಾರದೇ? ಪೆಟ್ಟಿಗೆಯ ಮೇಲೆ ಮಾತ್ರ ‘ಶಾಸ್ತ್ರೋಕ್ತ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

– ನಿವೃತ್ತ ಚಿತ್ರಕಲಾ ಶಿಕ್ಷಕ, ಶಿರಸಿ